ಚಿಗರಿಯ ಉಗುರು

“ದಿನಾ ಓಡ್ತೀಯೇನು?”

“ದಿನಾ.”

“ಆಯ್ತಾರ?”

“ಆಯ್ತಾರನೂ.”

“ಮಳಿ ಬಂದ್ರ?”

“ಮಳ್ಯಾಗ ಓಡಿದ್ರ ಇನ್ನಾ ಚಲೋ. ಮೈ ಕಾಯೋದಿಲ್ಲ.”

ಮಹೇಶ್ವರಿ ಮುಂದಿನ ಪ್ರಶ್ನೆ ಹುಡುಕಿದಳು. ಅವಳ ತೊಡೆಯ ಮೇಲೆ ಎರಡು ತಿಂಗಳ ನಾಯಿಮರಿ ಒಂದು ಗಳಿಗೆಯೂ ಸುಮ್ಮನೆ ಕೂರದೆ ಒದ್ದಾಡುತ್ತಿತ್ತು. ಎದುರಿಗೆ ಗೊರೇಬಾಳದ ಹುಲಿಗೇಶ ಕೈಕಟ್ಟಿ ನಿಂತಿದ್ದ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದ ಅವನು ಓಟದ ಪ್ರಾಕ್ಟೀಸ್ ಮಾಡುತ್ತಿದ್ದ. ಕಾಲುವೆ ದಂಡೆಯ ಮೇಲೆ ಒಬ್ಬನೇ ಓಡಲು ಬೇಸರ, ಜೊತೆಗೆ ಓಡುವಂಥ ನಾಯಿ ಬೇಕು ಎಂದು ಗೆಳೆಯನ ಬೈಕಿನಲ್ಲಿ ಸಾಲಗುಂದಕ್ಕೆ ಬಂದಿದ್ದ.

“ಎಷ್ಟು ಓಡ್ತಿ?”

“ಐದು ಕಿಲೋಮೀಟರ್ ಹೋಗೋದು, ಐದು ಬರೋದು.”

ಬೈಕಿನ ಮೇಲೆ ಕುಳಿತಿದ್ದ ಗೆಳೆಯ ಮುಷರಫ್ ಜೋರಾಗಿ ನಕ್ಕ. “ಲೇ ಹುಲಗ್ಯಾ, ಪೊಲೀಸ್ ಸೆಲೆಕ್ಷನ್‌ಕಿಂತ ಇದ ಬಿಗಿ ಐತಲ್ಲೋ! ಎದಿ ಅಳತಿನೂ ತಗೋತಾಳ ನೋಡು ಈಗ.”

ಮುಷರಫ್ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದ. ಓಡುವವರಿಗೆ ಯಾವ ಜಾತಿಯ ನಾಯಿ ಒಳ್ಳೆಯದು ಎಂದು ಅದರಲ್ಲಿ ಒಬ್ಬರು ಹೇಳುತ್ತಿದ್ದರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಹಸ್ಕಿ. ಹಸ್ಕಿಯನ್ನು ನೋಡಿ ಮಹೇಶ್ವರಿಯ ತಾತ ಆದೆಪ್ಪ ತಲೆಯಾಡಿಸಿದ್ದ. “ಅಷ್ಟು ಕೂದ್ಲ ಹೊತ್ಕೊಂಡು ನಮ್ಮ ಬಿಸಿಲಾಗ ಹೆಂಗ ಬದುಕ್ಬೇಕಪ್ಪ ಅದು? ಒಂದ್ ಬ್ಯಾಸಗಿ ದಾಟಂಗಿಲ್ಲ.”

ತಾತನ ಕುರಿಹಟ್ಟಿಯ ಕೆಂಚಿ ನಾಯಿ ಮೂರು ಮರಿ ಹಾಕಿತ್ತು. ಎರಡು ಕೆಂಚಿಯಂತೆಯೇ ಗಿಡ್ಡ, ದಪ್ಪ. ಮೂರನೆಯದು ಮಾತ್ರ ಉದ್ದ ಕಾಲು, ಸಣ್ಣ ನಡು. ಕುರಿಹಿಂಡು ಲಿಂಗಸುಗೂರು ಕಡೆ ಮೇಯಲು ಹೋಗಿದ್ದಾಗ ಅಲ್ಲಿ ಒಂದು ಮುಧೋಳ ನಾಯಿ ಕೆಂಚಿಯ ಹಿಂದೆ ಬಿದ್ದಿತ್ತು. ಮರಿ ಅದನ್ನೇ ಹೋಲುತ್ತಿತ್ತು. ಜಿಂಕೆಯ ಹಾಗೆ ಕಾಣುತ್ತದೆಂದು ಮಹೇಶ್ವರಿ ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದಳು.

ಚಿಗರಿ ಹಟ್ಟಿಯಲ್ಲಿ ಉಳಿಯುವ ಹಾಗಿರಲಿಲ್ಲ. ಈಗಲೇ ಕುರಿಮರಿಗಳ ಬೆನ್ನು ಹತ್ತುತ್ತಿತ್ತು.

“ಆ ಕೆಂದ ಮರಿ ಒಯ್ಯೋ ತಮ್ಮ,” ಎಂದ ತಾತ. “ಬಾಗಲ್ದಾಗ ಬಿದ್ದಿರ್ತೈತಿ. ಯಾರಿಗೂ ತ್ರಾಸಿಲ್ಲ.”

“ಅದು ಡುಮ್ಮ, ತಾತ! ಹತ್ತು ಹೆಜ್ಜಿ ಇಟ್ಟು ಮಕ್ಕೋತೈತಿ. ಅಣ್ಣನ ಸಂಗಾಟ ಹೆಂಗ ಓಡ್ತೈತಿ?”

“ನೀ ಬೆಳೆಸೀಯವಾ, ನೀನ ಹೇಳು ಹಂಗಾರ,” ಎಂದು ತಾತ ಬೀಡಿ ಹಚ್ಚಿದ.

ಮಹೇಶ್ವರಿ ಹುಲಿಗೇಶನಿಗೆ ಓಡಿ ತೋರಿಸಲು ಹೇಳಿದಳು. ಅವನು ನಗುತ್ತ ಜಾಲಿಗಿಡದವರೆಗೆ ಓಡಿದ. ಅವಳು ಮರಿಯನ್ನು ಕೆಳಗೆ ಬಿಟ್ಟಳು. ಚಿಗರಿ ಎರಡು ಸಲ ಉರುಳಿ ಬಿತ್ತು, ಎದ್ದಿತು, ಅವನ ಹಿಮ್ಮಡಿಯ ಬೆನ್ನು ಬಿಡಲೇ ಇಲ್ಲ.

ಅವರ ಮನೆತನದಲ್ಲಿ ನಾಯಿಮರಿಯನ್ನು ಮಾರುವುದಿಲ್ಲ. ಒಯ್ಯುವವರು ತಾಯಿನಾಯಿಗೆ ಕೈಯಾರೆ ಒಂದು ರೊಟ್ಟಿ ತಿನ್ನಿಸಬೇಕು, ಅಷ್ಟೆ. ಹುಲಿಗೇಶ ಕೆಂಚಿಗೆ ರೊಟ್ಟಿ ತಿನ್ನಿಸಿ, ಚಿಗರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಹೋದ. ಅಂಗಿಯಿಂದ ಹೊರಗೆ ಮೂಗು ಮಾತ್ರ ಕಾಣುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಮುಷರಫ್ ಒಂದು ವಿಡಿಯೋ ಕಳಿಸಿದ. ಕಾಲುವೆ ದಂಡೆಯ ಮೇಲೆ ಹುಲಿಗೇಶ ಓಡುತ್ತಿದ್ದ. ಪಕ್ಕದಲ್ಲಿ ಚಿಗರಿ ನೆಲವನ್ನು ಮುಟ್ಟಿಯೂ ಮುಟ್ಟದಂತೆ ಹಾರುತ್ತಿತ್ತು. ಮಹೇಶ್ವರಿ ಅದನ್ನು ಅಪ್ಪನ ಮೊಬೈಲಿನಲ್ಲಿ ಎಷ್ಟು ಸಲ ನೋಡಿದಳೆಂದರೆ, “ಚಾರ್ಜ್ ಎಲ್ಲಾ ನಿನ್ನ ನಾಯಿ ತಿಂದ್ಬಿಟ್ಟೈತಿ,” ಎಂದು ಅಪ್ಪ ಬೈದ.

ಮಹೇಶ್ವರಿ ಐದನೆಯ ಕ್ಲಾಸಿಗೆ ಬಂದಳು. ಬತ್ತದ ಕೊಯ್ಲು ಮುಗಿಯಿತು. ಗೊರೇಬಾಳದ ರೈತರೊಬ್ಬರು ಗೊಬ್ಬರಕ್ಕೆಂದು ತಮ್ಮ ಗದ್ದೆಯಲ್ಲಿ ಕುರಿ ನಿಲ್ಲಿಸಲು ತಾತನನ್ನು ಕರೆದರು. ಶನಿವಾರ ಸ್ಕೂಲು ಬಿಟ್ಟ ಮೇಲೆ ಮಹೇಶ್ವರಿ ಹಠ ಹಿಡಿದು ಆ ಗದ್ದೆಯಲ್ಲಿದ್ದ ಹಟ್ಟಿಗೆ ಬಂದಳು. ಆಯ್ತಾರ ನಸುಕಿನಲ್ಲೇ ಎದ್ದು ಕಾಲುವೆ ದಂಡೆಯ ಮೇಲೆ ಹೋಗಿ ಕುಳಿತಳು.

ಇಬ್ಬರು ಹುಡುಗರು ಓಡುತ್ತ ದಾಟಿ ಹೋದರು. ಹಾಲಿನವನು ಹೋದ. ಬಿಸಿಲು ಬಂತು. ಹುಲಿಗೇಶ ಬರಲಿಲ್ಲ.

ಕೊನೆಗೆ ಬೈಕಿನ ಮೇಲೆ ಮುಷರಫ್ ಬಂದ. ಅವಳನ್ನು ನೋಡಿ ಬ್ರೇಕ್ ಹಾಕಿದ.

“ಇಲ್ಲ್ಯಾಕ ಕುಂತೀಯವಾ?”

“ಹುಲಿಗೇಶಣ್ಣ ಇವತ್ತು ಓಡಾಕ ಬರ್ಲಿಲ್ಲೇನು?”

ಮುಷರಫ್ ಬೈಕ್ ಬಂದ್ ಮಾಡಿದ. “ಓಟ ಎಲ್ಲೈತಿ ಈಗ? ಶ್ರಾವಣದಾಗ ಟೆಸ್ಟ್ ಇತ್ತು. ನಾಕ್ ಸೆಕೆಂಡ್ ಲೇಟಾದ. ಇನ್ನೊಮ್ಮೆ ಹಾಕ್ಬೇಕಂದ್ರ ವಯಸ್ಸೂ ಮುಗೀತು. ಈಗ ಮಸ್ಕ್ಯಾಗ ಒಂದು ಬಟ್ಟಿ ಅಂಗಡ್ಯಾಗ ಕೆಲಸಕ್ಕ ಹೋಗ್ತಾನ. ಮುಂಜಾನಿ ಬಸ್ಸಿಗೆ ಹೋದ್ರ ಹೊತ್ತು ಮುಳುಗಿದ ಮ್ಯಾಲೆ ಬರೋದು. ಆಯ್ತಾರ ಒಂದ ದಿನ ಮನ್ಯಾಗಿರ್ತಾನ.”

“ಚಿಗರಿ?”

ಅವನು ಬೈಕಿನ ಹಿಂದಿನ ಸೀಟು ತಟ್ಟಿದ. “ಹತ್ತು, ಅವನ ಮನಿಗೆ ಬಿಡ್ತೀನಿ,” ಎಂದ.

ಹುಲಿಗೇಶನ ತಾಯಿ ಯಮನೂರಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ತಗಡಿನ ಚಪ್ಪರದ ಕೆಳಗೆ ಒಂದು ನಾಯಿ ಹಗ್ಗದಲ್ಲಿತ್ತು. ಅದು ಮಹೇಶ್ವರಿಯನ್ನು ನೋಡಿ ಬೊಗಳಿತು.

“ಚಿಗರಿ! ನಾ ಬಂದೀನಿ!”

ಅದು ಮತ್ತೂ ಬೊಗಳಿತು. ನಡು ದಪ್ಪವಾಗಿತ್ತು. ಕುತ್ತಿಗೆಯ ಸುತ್ತ ಕೂದಲು ಉದುರಿತ್ತು. ಕಲ್ಲಿನ ಮೇಲೆ ಅತ್ತಿತ್ತ ತಿರುಗುವಾಗ ಟಿಕ್ ಟಿಕ್ ಎಂದು ಸದ್ದಾಗುತ್ತಿತ್ತು. ಮಹೇಶ್ವರಿ ಅದರ ಕಾಲು ನೋಡಿದಳು. ಉಗುರುಗಳು ಉದ್ದವಾಗಿ ಬೆಳೆದು ಡೊಂಕಾಗಿದ್ದವು. ಹಟ್ಟಿಯ ಯಾವ ನಾಯಿಗೂ ಅವಳು ಅಂಥ ಉಗುರು ನೋಡಿರಲಿಲ್ಲ. ಆ ನಾಯಿಗಳು ದಿನವಿಡೀ ತಿರುಗುತ್ತವೆ. ಉಗುರು ನೆಲದಲ್ಲೇ ಸವೆಯುತ್ತದೆ.

“ಎರಡು ಹೊತ್ತು ಅನ್ನ ಹಾಕ್ತೀನವಾ,” ಎಂದಳು ಯಮನೂರಮ್ಮ, ಯಾರೂ ಕೇಳದಿದ್ದರೂ. “ಬಿಟ್ರ ಮಂದಿ ಕೋಳಿ ಹಿಡೀತೈತಿ. ಎರಡು ಕೊಂದೈತಿ. ತಿರುಗಿಸ್ಕೊಂಡ್ ಬರಾಕ ನನಗ ಮೊಣಕಾಲು ಎಲ್ಲಿ ಬರ್ತಾವ?” ಆಮೇಲೆ ದನಿ ತಗ್ಗಿಸಿದಳು. “ಅವನಂತೂ ಇದರ ಕಡಿ ನೋಡೋದ ಬಿಟ್ಟಾನ. ನೋಡಿದ್ರ ಆ ಟೆಸ್ಟ್ ನೆನಪಾಕ್ಕೈತೇನೋ.”

ಹುಲಿಗೇಶ ಬಾಗಿಲಿಗೆ ಬಂದು ನಿಂತ. ಅವನೂ ದಪ್ಪಗಾಗಿದ್ದ.

“ದಿನಾ ಓಡ್ತೀನಿ ಅಂದಿದ್ದಿ!” ಎಂದಳು ಮಹೇಶ್ವರಿ. “ಆಯ್ತಾರನೂ ಓಡ್ತೀನಿ ಅಂದಿದ್ದಿ. ಸುಳ್ಳು ಹೇಳಿದಿ.”

“ಸುಳ್ಳಲ್ಲ ತಂಗಿ. ಆವಾಗ ಓಡ್ತಿದ್ದೆ. ನೀ ಕೇಳಿದ್ದಕ್ಕೆಲ್ಲ ಖರೇನ ಹೇಳೀನಿ.”

ಮಹೇಶ್ವರಿ ತಾನು ಕೇಳಿದ್ದನ್ನೆಲ್ಲ ನೆನೆದಳು. ಒಂದೂ ಸುಳ್ಳಾಗಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತಂದಿತು.

“ನಮಗ ವಾಪಸ್ ಕೊಡು.”

ಹುಲಿಗೇಶ ತಾಯಿಯ ಮುಖ ನೋಡಿದ. “ಒಯ್ಯಿ,” ಎಂದ.

ಚಿಗರಿ ದಾರಿಯುದ್ದಕ್ಕೂ ಎಳೆಯಿತು. ಅರ್ಧ ದಾರಿಗೇ ನಾಲಗೆ ಹೊರಗೆ ಹಾಕಿ ತೇಕಿತು. ಆದರೂ ಗದ್ದೆಯ ಬದುವಿಗೆ ಬಂದ ಕೂಡಲೆ ಕಿವಿ ನಿಮಿರಿಸಿತು. ಅದರ ಮೈಯೆಲ್ಲ ನಡುಗತೊಡಗಿತು.

“ಗುರ್ತು ಸಿಕ್ತೇನು? ನಮ್ಮ ಹಟ್ಟಿ!” ಎಂದಳು ಮಹೇಶ್ವರಿ.

ಹಗ್ಗ ಒಮ್ಮೆಲೇ ಬಿಗಿದು ಅವಳನ್ನು ಕೆಡವಿತು. ಕೊಯ್ದ ಬತ್ತದ ಕೂಳೆಯ ಮೇಲೆ ಮೊಣಕೈ ತರಚಿತು. ಕುರಿಗಳು ಚೆದುರಿ ಓಡಿದವು. ಚಿಗರಿ ಒಂದು ಕುರಿಮರಿಯ ಹಿಂಗಾಲನ್ನು ಬಾಯಲ್ಲಿ ಹಿಡಿದಿತ್ತು. ತಾತ ಕೋಲು ಹಿಡಿದು ಕೂಗುತ್ತ ಬಂದ. ಅವನಿಗಿಂತ ಮೊದಲು ಕೆಂಚಿ ಬಂತು. ಹಲ್ಲು ಕಿಸಿದು ತನ್ನ ಮಗಳ ಮೇಲೆ ಎರಗಿತು. ಚಿಗರಿ ಬಾಯಿ ಬಿಟ್ಟು ಹಿಂದೆ ಸರಿಯಿತು.

ತಾತ ಹಗ್ಗ ಹಿಡಿದ. ಕುರಿಮರಿಯ ಕಾಲು ನೋಡಿದ. ಮುರಿದಿರಲಿಲ್ಲ, ರಕ್ತ ಬರುತ್ತಿತ್ತು. ಅದಕ್ಕೆ ಅರಿಶಿನ ಹಚ್ಚಿದ. ಮಹೇಶ್ವರಿಗೆ ಬೈಯಲಿಲ್ಲ.

“ತಾತ, ನಾಕ್ ದಿನ ಇದ್ರ ರೂಢಿ ಆಕ್ಕೈತಿ. ಇಲ್ಲೇ ಕಟ್ಟೋಣು.”

“ಮೊದಲಿಂದ ಕುರಿ ನಡುವ ಮಲಗಿ ದೊಡ್ಡದಾಗಿದ್ರ ಮಾತು ಬ್ಯಾರೆ ಇತ್ತವಾ. ಈಗ ಆಗಂಗಿಲ್ಲ.”

“ಸುಮ್ನ ಕಟ್ಟಿದ್ರ?”

“ಇಲ್ಲಿ ಕಟ್ಟೋದಕ್ಕೂ ಅಲ್ಲಿ ಕಟ್ಟೋದಕ್ಕೂ ಏನ್ ಫರಕ್? ಅಲ್ಲಿ ನೆರಳರ ಐತಿ.” ತಾತ ಹಗ್ಗವನ್ನು ಅವಳ ಕೈಗೆ ಕೊಟ್ಟ. “ಬಿಸಿಲು ಏರೂದ್ರಾಗ ಬಿಟ್ಟು ಬಾ.”

ಮಹೇಶ್ವರಿ ಅಳುತ್ತ ನಡೆದಳು. ಊರು ಹತ್ತಿರ ಬಂದಾಗ ಕಣ್ಣು ಒರೆಸಿಕೊಂಡಳು. ಚಿಗರಿ ಈಗ ಎಳೆಯುತ್ತಿರಲಿಲ್ಲ. ಅವಳ ಹಿಂದೆ ಟಿಕ್ ಟಿಕ್ ಎನ್ನುತ್ತ ಬಂತು.

ಯಮನೂರಮ್ಮ ಮೊರ ಬದಿಗಿಟ್ಟಳು. ಹುಲಿಗೇಶ ಹಗ್ಗಕ್ಕೆ ಕೈ ಚಾಚಿದ. ಮಹೇಶ್ವರಿ ಕೊಡಲಿಲ್ಲ. ಚಪ್ಪರದ ಕಂಬಕ್ಕೆ ತಾನೇ ಕಟ್ಟಿದಳು. ಕುರಿಗಾರರ ಮನೆಯ ಹುಡುಗಿ ಹಾಕಿದ ಗಂಟು, ಅದು ಬಿಚ್ಚುವುದಿಲ್ಲ. ಚಿಗರಿ ಒಂದು ಸುತ್ತು ತಿರುಗಿ ಮಲಗಿತು.

ಹುಲಿಗೇಶ ಅವಳ ತರಚಿದ ಮೊಣಕೈ ನೋಡಿದ. ಆಮೇಲೆ, ಬಹಳ ದಿನಗಳ ಮೇಲೆ, ನಾಯಿಯನ್ನೂ ನೋಡಿದ.

“ನಾಳೆಯಿಂದ ಓಡಿಸ್ತೀನಿ ತಂಗಿ,” ಎಂದ. “ಬಸ್ಸಿಗಿಂತ ಮೊದ್ಲ ಎದ್ದು. ಖರೇನ.”

ಮಹೇಶ್ವರಿ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಅದು ಗೊತ್ತಾಯಿತು. ಆವತ್ತೂ ಅವನು ಸುಳ್ಳು ಹೇಳಿರಲಿಲ್ಲ.

“ಹೂಂ ಅಣ್ಣ,” ಎಂದಳು.

ನೀರಿನ ಬೋಗುಣಿ ಗೋಡೆಯ ಹತ್ತಿರ, ದೂರದಲ್ಲಿತ್ತು. ಅವಳು ಅದನ್ನು ಹಗ್ಗಕ್ಕೆ ಎಟುಕುವಷ್ಟು ಹತ್ತಿರಕ್ಕೆ ಎಳೆದಿಟ್ಟು, ಹೊರಟಳು.