ಅಪ್ಪನ ದನಿಯಲ್ಲಿ ಕರೆದವನು

"ಯ... ಯವ್ವಾ, ಒಂದೀಟು ನೀರ ಕೊಡ್ತೀಯೇನ?"

ಆ ದನಿ ಕೇಳಿದ್ದೇ ತಡ, ನೀಲಮಳ ಕೈಯಲ್ಲಿದ್ದ ಒಣದ್ರಾಕ್ಷಿಯ ಬುಟ್ಟಿ ಹೊಸ್ತಿಲ ಮೇಲೆ ಉರುಳಿಬಿತ್ತು.

ಮಟಮಟ ಮಧ್ಯಾಹ್ನ. ಐನಾಪುರದ ಆ ಓಣಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಪಡಸಾಲೆಯಲ್ಲಿ ಅವಳ ಅಜ್ಜಿ ಚನ್ನವ್ವ ಕುಳಿತಿದ್ದಳು. ಎದುರಿಗೆ, ಬಾಗಿಲ ಕಡೆ ಮುಖ ಮಾಡಿ, ಬಿಳಿ ಅಂಗಿಯ ಅಪರಿಚಿತನೊಬ್ಬ. ನೀಲಮ ಹೊಸ್ತಿಲಿಗೆ ಬಂದಾಗ ಅವನ ಕಣ್ಣು ಅವಳ ಮೇಲೆ ಬಿದ್ದು, ಒಂದು ಉಸಿರಿನಷ್ಟು ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಅವನು ಮುಖ ತಿರುಗಿಸಿ ಅಜ್ಜಿಯನ್ನು ಹಾಗೆ ಕರೆದಿದ್ದ.

ಹಾಗೆ ಕರೆಯುತ್ತಿದ್ದವನು ಒಬ್ಬನೇ. ನೀಲಮಳ ಅಪ್ಪ ಭರಮು.

ಅವನು ಮಣ್ಣಾಗಿ ಮೂರು ವರ್ಷವಾಗಿತ್ತು!

ಭರಮುವಿಗೆ ಹುಟ್ಟಿನಿಂದ ಉಗ್ಗು. ಜಾನುವಾರು ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಅಲ್ಲಿ ಎತ್ತಿನ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಇಟ್ಟು ಬೆರಳು ಒತ್ತುತ್ತಾರೆ. ಪೂರ್ತಿ ಅಂಗೈ ಹಿಡಿದರೆ ವ್ಯವಹಾರ ಮುಗಿಯಿತು. "ಬೆ... ಬೆರಳಿಗೆ ಉಗ್ಗ ಇಲ್ಲವಾ ನೀಲಮಾ," ಎಂದು ಅವನು ನಗುತ್ತಿದ್ದ. ಆ ಹಳೇ ಟವೆಲ್ಲನ್ನೇ ನೀಲಮ ಈಗಲೂ ದ್ರಾಕ್ಷಿ ಒಣಗಿಸುವ ಶೆಡ್ಡಿನ ಧೂಳಿಗೆ ತಲೆಗೆ ಕಟ್ಟಿಕೊಳ್ಳುತ್ತಿದ್ದಳು.

"ನಮ್ಮ ಭರಮು ಥೇಟ್ ಹಿಂಗ ಕರೀತಿದ್ದ ನೋಡ ನನ್ನ!" ಚನ್ನವ್ವ ನಡುಗುತ್ತ ಎದ್ದಳು. ಮೊಣಕಾಲು ನೋವಿನ ಮುದುಕಿ ಓಡಿಯೇ ಹೋಗಿ ನೀರು ತಂದಳು.

ಅಪರಿಚಿತ ಗಟಗಟ ಕುಡಿದ. ಎರಡೂ ಕೈಯಿಂದ ಲೋಟ ಹಿಂದಕ್ಕೆ ಕೊಟ್ಟ. ಒಂದು ಕ್ಷಣ ಮುದುಕಿಯ ಒದ್ದೆ ಕಣ್ಣನ್ನೇ ನೋಡಿದ. ಆಮೇಲೆ ಒಂದು ಕಾಗದ ತೆಗೆದು ಅವಳ ಮುಂದಿಟ್ಟ.

"ಯ... ಯವ್ವಾ, ಇಲ್ಲೊಂದ ಹೆಬ್ಬಟ್ಟ ಒತ್ತವಾ."

ಅಜ್ಜಿ ಒತ್ತಿಬಿಟ್ಟಳು!

"ಏನ ಒತ್ತಿಸಿಕೊಂಡ್ರಿ ನೀವು? ಯಾರ್ರೀ ನೀವು?" ನೀಲಮ ಚೀರಿದಳು.

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಚೆಲ್ಲಿದ ಒಣದ್ರಾಕ್ಷಿಯನ್ನು ಒಂದೂ ಬಿಡದೆ ಆರಿಸಿ ಬುಟ್ಟಿಗೆ ಹಾಕಿ, ಮೋಟಾರ್ ಸೈಕಲ್ ಹತ್ತಿ ಹೊರಟುಹೋದ.

*

ಅವನ ಹೆಸರು ಬಾಳೇಶ. ರಾಯಬಾಗ ಕಡೆಯ ಪಾಲಬಾವಿಯವನು. ಸೋಲಾರ್ ಕಂಪನಿಯೊಂದಕ್ಕೆ ರೈತರಿಂದ ಇಪ್ಪತ್ತೆಂಟು ವರ್ಷದ ಗುತ್ತಿಗೆಗೆ ಹೊಲ ಕೊಡಿಸುವುದು ಅವನ ಕೆಲಸ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದು ಅದರ ಒಪ್ಪಿಗೆ ಪತ್ರಕ್ಕೆ. ಹೊಲ ಅಜ್ಜಿಯ ಹೆಸರಿನಲ್ಲಿತ್ತು. ನೀಲಮ ಕೈಯಾರೆ ಬೆಳೆಸಿದ ದ್ರಾಕ್ಷಿ ತೋಟ, ಒಣಗಿಸುವ ಶೆಡ್ಡು, ಎಲ್ಲ ಅದರಲ್ಲಿ ಸೇರಿತ್ತು.

ಮರುದಿನ ಅವನು ಗುಡಿಯ ಕಟ್ಟೆಯ ಮೇಲೆ ರೈತರ ನಡುವೆ ಕುಳಿತಿದ್ದ. ನೀಲಮ ದೂರದಿಂದ ನೋಡಿದಳು. ಅವನು ಯಾರನ್ನೂ ಒತ್ತಾಯಿಸಲಿಲ್ಲ. ಮೊದಲು ಸಣ್ಣದನ್ನು ಕೇಳುತ್ತಿದ್ದ. ಒಂದು ಲೋಟ ನೀರು, ಸ್ವಲ್ಪ ಸುಣ್ಣ, ಯಾರದೋ ಮನೆಗೆ ದಾರಿ. ಸಣ್ಣದನ್ನು ಕೊಟ್ಟ ಕೈ ದೊಡ್ಡದಕ್ಕೂ ಹಿಂದೆ ಸರಿಯಲು ನಾಚುತ್ತದೆ. ಅದು ಅವನಿಗೆ ಗೊತ್ತಿತ್ತು.

ಆಮೇಲೆ ಕಂಡದ್ದು ಅವಳ ಮೈ ಜುಮ್ಮೆನ್ನಿಸಿತು...

ಕೆಮ್ಮುವವನ ಜೊತೆ ಅವನು ಕೆಮ್ಮುತ್ತ ಮಾತಾಡಿದ. ಮರಾಠಿ ಬೆರೆಸುವವನ ಜೊತೆ ಅದೇ ಮರಾಠಿ, ಅದೇ ರಾಗ. ಅರ್ಧ ಗಂಟೆ ಕಳೆಯಿತು. ಅವನು ಎಡಗೈಯಿಂದ ಎಡಕಿವಿಯ ತುದಿ ಹಿಡಿದುಕೊಂಡ.

ಕಟ್ಟೆಯ ಮೇಲಿದ್ದ ಹನ್ನೊಂದು ಜನರ ಎಡಗೈಯೂ ಒಂದೊಂದಾಗಿ ಕಿವಿಗೆ ಹೋಯಿತು!

ಯಾರಿಗೂ ಅದು ಗೊತ್ತಾಗಲಿಲ್ಲ. ಕಿವಿಗೆ ಬಡಿಯುವ ಗಾಳಿಯೂ ಇರಲಿಲ್ಲ.

ಪಕ್ಕದ ಮನೆಯ ಮುರಗೆಪ್ಪ ಎದ್ದು ಬಂದಾಗ ಅವಳು ತಡೆದಳು. "ಕಾಕಾ, ನೀವೂ ಕೊಟ್ರೇನ್ರಿ ಹೊಲಾನ?"

"ಹೂಂ ನೋಡವಾ. ಅಂವಾ ಏನೂ ಕೇಳಲಿಲ್ಲ. ನಾನ ಕೊಟ್ಟೆ."

"ಮೊನ್ನೆ ಸತ್ರೂ ಕೊಡಾಂಗಿಲ್ಲ ಅಂದಿದ್ರಲ್ರಿ! ಇದು ನಿಮ್ಮ ಮಾತೇನ್ರಿ?"

"ನನ್ನದ ಹೌದ ಹುಚ್ಚವ್ವ! ಮತ್ಯಾರದು?" ಎಂದು ಮುರಗೆಪ್ಪ ನಕ್ಕ. ನಗುತ್ತಲೇ ಎಡಕಿವಿಯ ತುದಿ ಹಿಡಿದುಕೊಂಡ.

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಚನ್ನವ್ವ ಬಾಗಿಲ ಬಳಿ ತುಂಬಿದ ಲೋಟ ಇಟ್ಟುಕೊಂಡು ಕುಳಿತಿದ್ದಳು.

"ಆಯೀ, ಯಾರಿಗೆ ನೀರು?"

"ಭರಮು ಬರೂ ಹೊತ್ತಾತಲ್ಲ."

ಅಂದಿನಿಂದ ದಿನವೂ ಮಧ್ಯಾಹ್ನ ಆ ಲೋಟ ಬಾಗಿಲಿಗೆ ಬರತೊಡಗಿತು. ಅಜ್ಜಿ ಹೊಸ್ತಿಲ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ನಡುನಡುವೆ ಸುಮ್ಮನಾಗುತ್ತಿದ್ದಳು, ಉತ್ತರ ಕೇಳಿಸಿಕೊಳ್ಳುವವರಂತೆ...

*

ಮೂರನೆಯ ದಿನ ಬಾಳೇಶ ಅವಳ ಶೆಡ್ಡಿಗೇ ಬಂದ. ಸಾಲುಸಾಲು ಬಲೆಯ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಅವಳೊಬ್ಬಳೇ ನೆಲದಲ್ಲಿ ಕುಳಿತು ತೊಟ್ಟು ಬಿಡಿಸುತ್ತಿದ್ದಳು.

"ನೀ... ನೀ... ನೀಲ..."

ಅವಳ ನೆತ್ತಿಗೆ ಬೆಂಕಿ ಹತ್ತಿದಂತಾಯಿತು.

"ಸಾಕ್ ಮಾಡ್ರಿ! ಆಯಿಗೆ ಹೂಡಿದ್ದ ಆಟಾನ ನನಗೂ ಹೂಡ್ತೀರಿ? ಕಟ್ಟಿ ಮ್ಯಾಲ ಗಂಗಾಳದಾಗ ಕಾಳ ಸುರದಂಗ ಮಾತಾಡ್ತೀರಿ, ನನ್ನ ಮುಂದ ಬಂದ ಕೂಡ್ಲೆ ಉಗ್ಗತೀರಿ? ನಮ್ಮಪ್ಪನ್ನ ಬಿಟ್ಟಬಿಡ್ರಿ, ನಿಮಗ ಕೈ ಮುಗೀತೀನಿ!"

ಅವನ ಮುಖ ಬಿಳಿಚಿಕೊಂಡಿತು. ಬಾಯಿ ಮುಚ್ಚಿದ. ಹೊರಟುಹೋಗುತ್ತಾನೆಂದು ಅವಳು ಕಾದಳು. ಅವನು ಹೋಗಲಿಲ್ಲ. ದೂರದಲ್ಲಿ ಕುಳಿತು, ಒಂದು ಬುಟ್ಟಿ ಎಳೆದುಕೊಂಡು, ತಾನೂ ತೊಟ್ಟು ಬಿಡಿಸತೊಡಗಿದ.

ನಾಲ್ಕು ದಿನ ಹಾಗೇ ಬಂದ. ಒಂದು ಮಾತಿಲ್ಲ. ಅವನು ಹತ್ತಿರವಿದ್ದಾಗ ಆ ಮುಖ ಬೇರೆಯೇ ಇರುತ್ತಿತ್ತು. ಯಾರ ನಗೆಯೂ ಅದರಲ್ಲಿಲ್ಲ, ಯಾರ ಕೆಮ್ಮೂ ಇಲ್ಲ. ಬಾಡಿಗೆಯವರೆಲ್ಲ ಬಿಟ್ಟುಹೋದ ಮನೆಯಂತೆ ಖಾಲಿ. ಆ ಖಾಲಿ ಮುಖ ಕಂಡು ಅವಳ ಕರುಳು ಚುರ್ ಎನ್ನುತ್ತಿತ್ತು. ಅವಳು ಹಣ್ಣನ್ನು ಮೂಸಿ ನೋಡಿ ಬೇರೆ ಮಾಡುವುದನ್ನು ಕಂಡು, ಅವನು ವಾಸನೆ ಹಿಡಿದದ್ದನ್ನೆಲ್ಲ ತಾನಾಗಿ ಪಕ್ಕಕ್ಕೆ ಇಡುತ್ತಿದ್ದ. ಅಷ್ಟು ಗಮನವಿಟ್ಟು ಅವಳ ಕೆಲಸವನ್ನು ಯಾರೂ ನೋಡಿರಲಿಲ್ಲ.

ಐದನೆಯ ದಿನ ಮೋಟಾರ್ ಸೈಕಲ್ಲಿನ ಸದ್ದು ತಡವಾಯಿತು. ನೀಲಮ ಮೂರು ಸಲ ಬಾಗಿಲಿಗೆ ಹೋಗಿ ಬಂದಳು. ನಾಲ್ಕನೆಯ ಸಲ ಗಕ್ಕನೆ ನಿಂತಳು.

ಅವಳ ಎಡಗೈ ಕಿವಿಯ ತುದಿ ಹಿಡಿದಿತ್ತು!

ಬೆಂಕಿ ಮುಟ್ಟಿದವಳಂತೆ ಕೈ ಇಳಿಸಿದಳು.

'ನಾ ಕಾಯಾಕತ್ತೀನಿ... ಖರೇನ ನಾನ ಕಾಯಾಕತ್ತೀನೇನ? ಇಲ್ಲಾ, ಅಂವಾ ನನ್ನ ಒಳಗ ಕೂತು ಕಾಯಸಾಕತ್ತಾನೋ? ಈ ಆಸೆ ಯಾರದು?'

ಅವನು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನಗೇನ ಮಾಡೀರಿ ನೀವು? ನನ್ನ ಮನಸು ನನ್ನದ ಹೌದೋ ಅಲ್ಲೋ, ನನಗ ತಿಳೀವಲ್ದು. ಇನ್ನ ಬರಬ್ಯಾಡ್ರಿ. ದೇವರಾಣಿ ಬರಬ್ಯಾಡ್ರಿ!"

ಅವನು ತಲೆಯಾಡಿಸಿದ. ಕಣ್ಣು ತುಂಬಿತ್ತು. ಹೋದ.

*

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಲೋಟ ಇರಲಿಲ್ಲ. ಚನ್ನವ್ವನ ಮಡಿಲಲ್ಲಿ ಎರಡು ಹೋಳಾದ ಒಪ್ಪಿಗೆ ಪತ್ರವಿತ್ತು.

"ಆ ಹುಡುಗ ಬಂದಿದ್ದ," ಎಂದಳು ಅಜ್ಜಿ. ಬಹಳ ದಿನದ ಮೇಲೆ ಅವಳ ಕಣ್ಣು ತಿಳಿಯಾಗಿತ್ತು. "ನಾ ನಿಮ್ಮ ಭರಮು ಅಲ್ಲಬೇ, ನೀರ ಇಡಬ್ಯಾಡ ಅಂದ. ಹರದ ಕೊಟ್ಟ. ಅತ್ತ."

"ಅಂವಾ ನಿನಗ ಮೋಸ ಮಾಡಿದ್ದ ಆಯಿ!"

"ನನಗ ಗೊತ್ತಿದ್ದಿಲ್ಲೇನ? ಸತ್ತ ಮಗ ಬಂದ ನೀರ ಕುಡೀತಾನೇನ? ಅಂವಾ ಕರದ ಅಂತ ನಾ ಹೆಬ್ಬಟ್ಟ ಕೊಡಲಿಲ್ಲವಾ. ಒತ್ತಿದ್ರ ಮತ್ತೊಮ್ಮೆ ಕರೀತಾನ ಅಂತ ಕೊಟ್ಟೆ." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಾಗದ ಕೊಟ್ಟದ್ದು ನಿನಗ ಹೇಳಬ್ಯಾಡ ಅಂದಾನ."

"ಮೊದಲ ಒಂದ ಕೊಟ್ಟ, ಆಮ್ಯಾಲ ದೊಡ್ಡದ ಕೇಳೂದೂ ಅವನ ಕಸುಬನ."

"ನಿನಗ ಗೊತ್ತಾಗೂದ ಬ್ಯಾಡ ಅಂತ ಕೊಟ್ಟಾನಲ್ಲ, ಅದ್ಯಾವ ಕಸುಬು?"

ನೀಲಮ ಆ ಎರಡು ಹೋಳನ್ನೂ ಜೋಡಿಸಿ ಮಡಚಿ ದೇವರ ಗೂಡಿನಲ್ಲಿಟ್ಟಳು.

ದಿನಗಳು ಕಳೆದವು. ಅವನು ಬರಲಿಲ್ಲ. ಕಂಪನಿಯ ಕೆಲಸ ಬಿಟ್ಟನೆಂದು ಸುದ್ದಿ ಬಂತು. ಮುರಗೆಪ್ಪ ಕಿವಿ ಮುಟ್ಟಿಕೊಳ್ಳುವುದನ್ನು ಯಾವಾಗಲೋ ಮರೆತಿದ್ದ. "ಯಾವ ದೆವ್ವ ಹೊಕ್ಕಿತ್ತೋ ನನಗ!" ಎನ್ನುತ್ತ ತನ್ನ ಕಾಗದ ಹಿಂದೆ ಪಡೆಯಲು ಓಡಾಡುತ್ತಿದ್ದ. ನೀಲಮಳ ಕೈಯೂ ಕಿವಿಗೆ ಹೋಗುತ್ತಿರಲಿಲ್ಲ.

ಆದರೆ ಕಾಯುವುದು ಮಾತ್ರ ನಿಂತಿರಲಿಲ್ಲ.

ಅವಳು ಒಣದ್ರಾಕ್ಷಿ ಆರಿಸುವ ಹೆಣ್ಣು. ಮೇಲೆ ಹಚ್ಚಿದ ಎಣ್ಣೆಯ ಹೊಳಪು ನಾಲ್ಕು ದಿನದಲ್ಲಿ ಕೈಗೆ ಹತ್ತಿ ಹೋಗುತ್ತದೆ, ಹಣ್ಣಿನ ಸಿಹಿ ಒಳಗೇ ಇರುತ್ತದೆ ಎಂಬುದು ಅವಳಿಗೆ ಗೊತ್ತು. ತಿಂಗಳು ಕಳೆದ ಮೇಲೆ ತನ್ನನ್ನು ತಾನು ಮೂಸಿ ನೋಡಿಕೊಂಡಳು. ಸಿಹಿ ಹಾಗೇ ಇತ್ತು.

*

ಎರಡು ಬಸ್ಸು ಬದಲಿಸಿ, ಕೃಷ್ಣೆಯನ್ನು ದಾಟಿ ಅವಳು ಪಾಲಬಾವಿಗೆ ಹೋದಳು. ಊರ ಹೊರಗೆ ಜಾಲಿಯ ನೆರಳಲ್ಲಿ ಆಡು ಮೇಯಿಸುತ್ತಿದ್ದವಳು ಬಾಳೇಶನ ತಾಯಿ ಸತ್ತೆವ್ವ. ಯಾವ ಊರು, ಯಾರ ಮಗಳು ಎಂದೆಲ್ಲ ಕೇಳಿ, ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ಕೈಗಿಟ್ಟಳು.

"ಕಂಪನಿ ಬಿಟ್ಟ ಬಂದ ಮ್ಯಾಲ ಮಗ ಯಾರ ಕೂಡಾನೂ ಮಾತಾಡುವಲ್ಲ ನೋಡವಾ. ಸಣ್ಣಾಂವ ಇದ್ದಾಗಿಂದ ಉಗ್ಗ ಅವಂಗ. ಸಾಲ್ಯಾಗ ಹುಡುಗರು ಜೀವಾ ತಿಂತಿದ್ರು. ಒಂದಿನ ಮಾಸ್ತರ ಮಾತಾಡಿದಂಗ ಮಾತಾಡಿ ತೋರಿಸಿದ. ಉಗ್ಗ ಬರಲೇ ಇಲ್ಲ! ಅವತ್ತಿಂದ ಬರೇ ಮಂದಿ ದನಿಯಾಗ ಮಾತಾಡ್ತಾನ. ಮಂದಿ ಮರುಳಾಕ್ಕಾರ. ಅವನ ಸ್ವಂತ ದನಿ ಕೇಳಾಕಿ ನಾ ಒಬ್ಬಾಕಿನ."

ನೀಲಮ ರೊಟ್ಟಿಯನ್ನು ಮಡಿಲಿಗೆ ಇಳಿಸಿದಳು.

"ನನ್ನ ಮುಂದ... ಉಗ್ಗತಿದ್ರು ಯವ್ವಾ. ಅದನ್ನ ನಾ ಆಟ ಅಂದೆ!"

ಸತ್ತೆವ್ವ ಉಳಿದ ರೊಟ್ಟಿಯನ್ನು ಬುತ್ತಿಗೆ ಕಟ್ಟಿದಳು. ಆಮೇಲೆ ಕೋಲು ಎತ್ತಿಕೊಂಡು ಎದ್ದಳು.

"ಆಡಿಗೆ ಈ ಕಡೆ ಮೇವಿಲ್ಲ. ಆ ಕಡೆ ಹೊಡಕೊಂಡ ಹೊಕ್ಕೀನಿ. ಬಾಳ್ಯಾ ಬಾವಿ ಹತ್ರ ಅದಾನ, ಕಳಸ್ತೀನಿ."

ಬಾಳೇಶ ಬಂದ. ಅವಳನ್ನು ಕಂಡು ಕಲ್ಲಿನಂತೆ ನಿಂತ. ತುಟಿ ಅದುರಿತು.

"ಆ... ಆವತ್ತ ಮೊ... ಮೊದಲನೇ ಸಲ..."

ನೀಲಮ ಕಾದಳು. ಮುಂದಿನ ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಹೇಳಿಕೊಡಲಿಲ್ಲ.

"...ಯವ್ವಾ ಅಂದೆನಲ್ಲ, ಆ ಉಗ್ಗ ನಂದ. ನಿನ್ನ ನೋ... ನೋಡಿ ಬಂತು. ನಿಮ್ಮಾಯಿ ಅತ್ಲು. ಎ... ಎರಡನೇ ಸಲ ಬೇಕಂತ ಕರದೆ. ಅದ ಕ... ಕದ್ದದ್ದು."

ಅಷ್ಟು ಹೇಳುವಷ್ಟರಲ್ಲಿ ಅವನ ಹಣೆ ಬೆವರಿತ್ತು. ನೀಲಮಳ ಕೆನ್ನೆ ಒದ್ದೆಯಾಗಿತ್ತು.

"ನನಗೇನೂ ಕೇಳೂದಿಲ್ಲೇನ್ರಿ ನೀವು?"

"ಇಲ್ಲ. ನಾ ಕೇ... ಕೇಳಿದ್ರ ಮಂದಿ ಹೂಂ ಅಂತಾರ. ನೀ ಹಂಗ ಹೂಂ ಅಂದ್ರ... ಅದ ನಿಂದ ಹೌದೋ ಅಲ್ಲೋ... ನನಗೂ ತಿ... ತಿಳಿಯಾಂಗಿಲ್ಲ. ಅದಕ್ಕ ಅಂಜಿಕಿ."

ಅವಳನ್ನು ಇಷ್ಟು ದಿನ ಕಾಡಿದ ಭಯವೇ ಅವನನ್ನೂ ಕಾಡಿತ್ತು!

ನೀಲಮ ಬಿಸಿಲಿಗೆಂದು ತಲೆಗೆ ಕಟ್ಟಿದ್ದ ಅಪ್ಪನ ಟವೆಲ್ಲು ಬಿಚ್ಚಿದಳು.

"ಕೈ ಚಾಚ್ರಿ."

ಅವನು ಚಾಚಿದ. ಅವಳು ತನ್ನ ಕೈಯನ್ನೂ ಇಟ್ಟು ಮೇಲೆ ಟವೆಲ್ಲು ಹೊದಿಸಿದಳು. ಕೆಳಗೆ ಅವನ ಅಂಗೈ ತೆರೆದೇ ಇತ್ತು. ಒಂದು ಬೆರಳೂ ಅವಳತ್ತ ಮಡಚಲಿಲ್ಲ. ಯಾವ ಒತ್ತಾಯವೂ ಇಲ್ಲ, ಯಾವ ಕೇಳಿಕೆಯೂ ಇಲ್ಲ. ಜಾಲಿಯ ನೆರಳು ಅಲುಗಲಿಲ್ಲ. ಆಡಿನ ಗಂಟೆ ದೂರದಲ್ಲಿ ಎಲ್ಲೋ ನಿಂತುಹೋಯಿತು.

ಅವಳು ಬೇಕೆಂದೇ ಅವಸರ ಮಾಡಲಿಲ್ಲ. ತನ್ನೊಳಗೆ ಬೇರೆ ಯಾರಾದರೂ ಕುಳಿತಿದ್ದಾರೇನೋ ಎಂದು ಕೊನೆಯ ಸಲ ಹುಡುಕಿದಳು. ಯಾರೂ ಇರಲಿಲ್ಲ. ಅವಳೊಬ್ಬಳೇ ಇದ್ದಳು.

ಆಮೇಲೆ ಅವನ ಪೂರ್ತಿ ಅಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಇದು ಯಾರ ಒತ್ತಿದ್ದು?" ಎಂದು ಅವಳೇ ಕೇಳಿದಳು.

"ನೀ... ನೀನ."

"ಗೊತ್ತಿರಲಿ. ನಾಳೆ ನಾ ಮರುಳ ಮಾಡಿದೆ ಅಂತ ಊರಾಗ ಹೇಳಿಕೊಂಡ ತಿರಗಬ್ಯಾಡ್ರಿ."

ಅವನು ನಕ್ಕ. ಯಾರ ನಗೆಯನ್ನೂ ಹೋಲದ, ಸ್ವಲ್ಪ ಸೊಟ್ಟಗಿನ ನಗೆ. ಆ ಮುಖಕ್ಕೆ ಮೊದಲ ಸಲ ಮನೆಯವರು ಬಂದಂತಿತ್ತು.

"ನೀ... ನೀ... ನೀಲ..."

ಅವಳು ಕಾದಳು. ಎಷ್ಟು ಹೊತ್ತಾದರೂ ಕಾಯಬಲ್ಲಳು.

"...ಮಾ."

"ಹೂಂ," ಎಂದಳು ನೀಲಮ.