ಎರಡು ಎಂದ ಕಳ್ಳ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸಿನ ದೂರು ಬರೆದುಕೊಳ್ಳುತ್ತಿದ್ದ ಮುಖ್ಯಪೇದೆ ಅರ್ಧಕ್ಕೇ ಪೆನ್ನು ಕೆಳಗಿಟ್ಟರು. ವಯಸ್ಸಿನಲ್ಲೂ ಬುದ್ಧಿಮಾತು ಹೇಳುವುದರಲ್ಲೂ ಎಲ್ಲರಿಗಿಂತ ಹಿರಿಯರಾದ್ದರಿಂದ ಠಾಣೆಯವರು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ದೊಡ್ಡಪ್ಪ ಪೆನ್ನು ಕೆಳಗಿಟ್ಟರೆಂದರೆ ಆ ದೂರು ದೂರೇ ಅಲ್ಲ ಎಂದು ಅರ್ಥ.

“ಬೀಗ ಮುರಿದಿಲ್ಲ, ಏನೂ ಹೋಗಿಲ್ಲ ಅಂತೀರಿ. ಮತ್ತೆ ಕಳ್ಳ ಬಂದಿದ್ದ ಅಂತ ಹೇಳಿದ್ಯಾರಮ್ಮ?”

“ಕಂಪ್ಯೂಟರ್ ಹೇಳ್ತು ಸಾರ್.”

ದೊಡ್ಡಪ್ಪ ಒಳಕೋಣೆಯ ಕಡೆ ತಿರುಗಿ, “ಸಾರ್, ಇದು ನಿಮ್ಮ ಮಟ್ಟದ ಕೇಸು,” ಎಂದರು.

ಇನ್ಸ್‌ಪೆಕ್ಟರ್ ಅವಳಿಗೆ ಕುರ್ಚಿ ತೋರಿಸಿದರು. ನಲವತ್ತರ ಆಸುಪಾಸಿನ ಹೆಂಗಸು, ಬೆರಳ ತುದಿಯಲ್ಲೆಲ್ಲ ಪ್ರಿಂಟರ್ ಮಸಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವಳದೊಂದು ಟೈಪಿಂಗ್ ಮತ್ತು ಪ್ರಿಂಟಿಂಗ್ ಅಂಗಡಿ. ಅವಳ ಮಾತು ನಿಲ್ಲದೆ ಹರಿಯಿತು. ಶನಿವಾರ ಸಂಜೆ ಅಂಗಡಿ ಮುಚ್ಚಿದ್ದಳು, ಭಾನುವಾರ ರಜ. ಈ ದಿನ ಕಂಪ್ಯೂಟರ್ ಹಾಕಿದರೆ ಪರದೆಯ ಮೂಲೆಯಲ್ಲಿ ‘ಆಕ್ಟಿವೇಟ್ ಮಾಡಿ’ ಎಂದು ಮಸುಕು ಅಕ್ಷರ. ಒಳಗಿನ ಭಾಗ ಬದಲಾದರೆ ಅದು ಹಾಗೆ ಕೇಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ನಮ್ಮ ಠಾಣೆ ಕಂಪ್ಯೂಟರಲ್ಲೂ ಅದೇ ಇದೆಯಲ್ಲಮ್ಮ, ನಾನು ಇಲ್ಲಿಗೆ ಬಂದಾಗಿಂದ,” ಎಂದರು ಇನ್ಸ್‌ಪೆಕ್ಟರ್.

ಟೈಪ್ ಮಾಡಲು ಕೂತಿದ್ದ ಮಹಿಳಾ ಪೇದೆ ಕೆಮ್ಮಿದಳು. “ಅದು ಬೇರೆ ಕತೆ ಸಾರ್.”

“ನನ್ನ ಕಂಪ್ಯೂಟರಲ್ಲಿ ಶಾಲೆಯ ಪ್ರಶ್ನೆಪತ್ರಿಕೆ ಇದೆ ಸಾರ್,” ಎಂದಳು ಅಂಗಡಿಯವಳು. ಈಗ ಅವಳ ದನಿ ಇಳಿದಿತ್ತು. “ಬರೋ ವಾರ ಪರೀಕ್ಷೆ. ಒಂದು ಹಾಳೆ ಹೊರಗೆ ಹೋದ್ರೂ ನನ್ನ ಅಂಗಡಿಗೆ ಇನ್ಯಾರೂ ಕಾಲಿಡಲ್ಲ.”

“ಪಾಸ್‌ವರ್ಡ್ ಇಟ್ಟಿಲ್ವಾ?”

“ಅಂಗಡಿಗೆ ಬೀಗ ಇದೆಯಲ್ಲ ಸಾರ್.”

“ಕೀ ಯಾರ್ಯಾರ ಹತ್ರ ಇದೆ?”

“ನನ್ನೊಬ್ಬಳ ಹತ್ರಾನೇ. ಹಿಂಬಾಗಿಲಿಂದು ಇನ್ನೊಂದು ಇತ್ತು, ಅಣ್ಣನ ಹತ್ರ. ಅವನನ್ನ ಬಿಡಿ. ಮಾತು ಬಿಟ್ಟು ಮೂರು ವರ್ಷ ಆಯ್ತು. ಅವನಿಗೆ ಕದಿಯೋಕೆ ಬರಲ್ಲ ಸಾರ್, ಕದ್ರೂ ರಸೀದಿ ಬರೆದಿಟ್ಟು ಹೋಗ್ತಾನೆ.”

“ಮಾತು ಯಾಕೆ ಬಿಟ್ರಿ?”

“ಮನೆ ವಿಷಯ,” ಎಂದು ಅವಳು ಬಾಯಿ ಮುಚ್ಚಿದಳು.

ಹನ್ನೊಂದೂಕಾಲಿಗೆ ಅತಿಕ್ರಮ ಪ್ರವೇಶದ ಎಫ್‌ಐಆರ್ ದಾಖಲಾಯಿತು. ಪ್ರಶ್ನೆಪತ್ರಿಕೆಯ ಮಾತು ಬಂದ ಮೇಲೆ ದೊಡ್ಡಪ್ಪನೂ ಪೆನ್ನು ಎತ್ತಿಕೊಂಡಿದ್ದರು.

ಅಂಗಡಿ ನಾಲ್ಕು ಜನ ನಿಂತರೆ ಐದನೆಯವನು ರಸ್ತೆಯಲ್ಲಿ ನಿಲ್ಲಬೇಕಾದಷ್ಟು ಇಕ್ಕಟ್ಟು. ಕಾಗದದ ಕಟ್ಟುಗಳು, ಎರಡು ಪ್ರಿಂಟರ್, ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಬಟನ್ ಒತ್ತುವ ಹಳೇ ಫೋನು. ಪಂಚರಾಗಿ ಪಕ್ಕದ ದರ್ಜಿಯನ್ನೂ ಎದುರಿನ ಚಪ್ಪಲಿ ಅಂಗಡಿಯವನನ್ನೂ ಕರೆಸಿ ಪಂಚನಾಮೆ ಶುರುವಾಯಿತು. ಮಹಿಳಾ ಪೇದೆ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು.

ಕಳ್ಳ ಬಂದು ಹೋದ ಜಾಗ ಚೆಲ್ಲಾಪಿಲ್ಲಿಯಾಗಿರುವುದು ವಾಡಿಕೆ. ಇಲ್ಲಿ ಅವನು ಬಂದು ಹೋದ ಮೇಲೆಯೇ ಜಾಗ ಚೊಕ್ಕಟವಾಗಿತ್ತು. ಫ್ಯಾನಿನ ಧೂಳು ಒರೆಸಿತ್ತು. ವೈರುಗಳನ್ನು ಸೇರಿಸಿ ದಾರದಿಂದ ಕಟ್ಟಿತ್ತು. ಎಷ್ಟೋ ವರ್ಷದಿಂದ ಕಾಣೆಯಾಗಿದ್ದ ಒಂದು ಸ್ಕ್ರೂ ಕೂಡ ಬಂದು ಕೂತಿತ್ತು.

“ಮದರ್‌ಬೋರ್ಡೇ ಬೇರೆ ಸಾರ್,” ಎಂದಳು ಪೇದೆ. “ಹಳೇ ಬಿಲ್ಲಲ್ಲಿರೋ ನಂಬರ್ ಇದಲ್ಲ. ಆದ್ರೆ ಇದೂ ಅಷ್ಟೇ ಹಳೇದು, ಅದೇ ಮಾದರಿ.”

“ಎಮ್ಮೆ ಬಿಚ್ಕೊಂಡು ಹೋಗೋನು ಇನ್ನೊಂದು ಎಮ್ಮೆ ಕಟ್ಟಿ ಹೋಗಿದ್ದಾನೆ ಅನ್ನು,” ಎಂದರು ದೊಡ್ಡಪ್ಪ. “ಇದನ್ನ ಪಂಚನಾಮೇಲಿ ಹೇಗೆ ಬರೀಲಿ?”

ಇನ್ಸ್‌ಪೆಕ್ಟರ್ ಅಂಗಡಿಯವಳನ್ನು ಕೇಳಿದರು. “ಮೊದಲು ಕಂಪ್ಯೂಟರ್ ಹೇಗೆ ನಡೀತಿತ್ತು?”

“ಚೆನ್ನಾಗೇ ಇತ್ತು.”

“ಪೊಲೀಸ್ರ ಮುಂದೇನೂ ಸುಳ್ಳಾ ತಾಯಿ?” ಎಂದು ದರ್ಜಿ ನಡುವೆ ಬಾಯಿ ಹಾಕಿದ. “ದಿನಕ್ಕೆ ನಾಲ್ಕು ಸಲ ತಾನಾಗೇ ಆರಿಹೋಗ್ತಿತ್ತು ಸಾರ್. ಇವಳು ಅದಕ್ಕೆ ಬಯ್ಯೋದು ನನ್ನ ಹೊಲಿಗೆ ಮಿಷನ್ ಸದ್ದಲ್ಲೂ ಕೇಳಿಸ್ತಿತ್ತು.”

“ಗಿರಾಕಿಗಳ ಮುಂದೆ ಕೆಟ್ಟಿದೆ ಅನ್ನೋಕಾಗುತ್ತಾ? ಚೆನ್ನಾಗಿದೆ, ಚೆನ್ನಾಗಿದೆ ಅಂತ ಹೇಳಿ ಬಾಯಿಗೆ ರೂಢಿ ಆಗಿಬಿಟ್ಟಿದೆ,” ಎಂದಳು ಅವಳು, ನಾಚಿಕೆಯೇನೂ ಇಲ್ಲದೆ.

“ಇವತ್ತು ಎಷ್ಟು ಸಲ ಆರಿತು?”

ಬೆಳಿಗ್ಗೆಯಿಂದ ಅದು ಒಂದು ಸಲವೂ ಆರಿರಲಿಲ್ಲ. ಗಾಬರಿಯಲ್ಲಿ ಅದನ್ನು ಅವಳು ಗಮನಿಸಿಯೇ ಇರಲಿಲ್ಲ.

ದರ್ಜಿಗೆ ಇನ್ನೊಂದು ನೆನಪಾಯಿತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಂಗಡಿಯಲ್ಲೇ ಅಡ್ಡಾಗಿದ್ದಾಗ ಗೋಡೆಯಾಚೆ ಗಂಡಸೊಬ್ಬ ಅಂಕಿಗಳನ್ನು ಓದುತ್ತಿದ್ದುದು ಕೇಳಿಸಿತ್ತಂತೆ. “ಮೂರು, ಒಂಬತ್ತು, ಸೊನ್ನೆ, ಹೀಗೆ ಸಾರ್. ಮುಗಿಯೋದೇ ಇಲ್ಲ. ಕೇಳ್ತಾ ಕೇಳ್ತಾ ನನಗೆ ನಿದ್ದೆ ಬಂತು.”

ಮಹಿಳಾ ಪೇದೆ ತಟ್ಟನೆ ಫೋನಿನ ಕಡೆ ನೋಡಿದಳು. “ಸಾರ್, ಬೋರ್ಡ್ ಬದಲಾದ್ರೆ ಕಂಪ್ಯೂಟರ್‌ಗೆ ತಾನು ಹಳೇ ಕಂಪ್ಯೂಟರ್ರೇ ಅಂತ ಗುರುತು ಸಿಗಲ್ಲ. ಮತ್ತೆ ಆಕ್ಟಿವೇಟ್ ಮಾಡ್ಬೇಕು, ಅಂದ್ರೆ ಸಾಫ್ಟ್‌ವೇರ್ ದುಡ್ಡು ಕೊಟ್ಟು ಕೊಂಡಿದ್ದೇ ಅಂತ ತೋರಿಸ್ಬೇಕು. ನೆಟ್‌ನಲ್ಲಿ ಆಗ್ಲಿಲ್ಲ ಅಂದ್ರೆ ಅದನ್ನ ಮಾರಿದ ಕಂಪನಿಗೆ ಫೋನ್ ಮಾಡಿ ಪರದೆ ಮೇಲೆ ಬರೋ ಉದ್ದದ ನಂಬರ್ ಓದಿ ಹೇಳೋದು. ಅವ್ರು ಇನ್ನೊಂದು ನಂಬರ್ ಕೊಡ್ತಾರೆ, ಅದನ್ನ ಹೊಡೆದ್ರೆ ಆಯ್ತು.”

“ಅಂದ್ರೆ ಕಳ್ಳ ಇಲ್ಲೇ ಕೂತು, ಇವರ ಫೋನಲ್ಲೇ?”

ಪೇದೆ ಮರುಕರೆಯ ಬಟನ್ ಒತ್ತಿ ಸ್ಪೀಕರ್ ಹಾಕಿದಳು. ಕಂಪನಿಯ ರೆಕಾರ್ಡ್ ಮಾಡಿಟ್ಟ ದನಿ ಸ್ವಾಗತ ಕೋರಿತು. ಪರದೆಯ ನಂಬರನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ಪೇದೆಯ ಗಂಟಲು ಒಣಗಿತು, ಆಮೇಲೆ ಮನುಷ್ಯರ ದನಿ ಬಂತು. ಅಂಗಡಿಯವಳು ತನ್ನ ಖರೀದಿಯ ವಿವರ ಹೇಳಿದಳು.

“ಇದೇ ನಂಬರ್ ಹಿಡಿದು ನಿನ್ನೆ ಮಧ್ಯಾಹ್ನಾನೂ ಕರೆ ಬಂದಿದೆ ಮೇಡಂ,” ಎಂದಿತು ಆ ದನಿ. “ಕೊನೆಯ ಪ್ರಶ್ನೆಯಲ್ಲಿ ನಿಂತುಹೋಗಿದೆ. ಈ ಸಾಫ್ಟ್‌ವೇರ್ ಪ್ರತೀನ ಎಷ್ಟು ಕಂಪ್ಯೂಟರಲ್ಲಿ ಬಳಸ್ತಿದ್ದೀರಿ ಅಂತ ಕೇಳ್ತೀವಿ. ಒಂದು ಅಂದಿದ್ರೆ ಕೆಲಸ ಆಗಿಬಿಡ್ತಿತ್ತು. ಅವರು ಎರಡು ಅಂದರು.”

ಇನ್ಸ್‌ಪೆಕ್ಟರಿಗೆ ತಡೆಯಲಾಗಲಿಲ್ಲ. “ಕದ್ದು ಒಳಗೆ ಬಂದೋನು ಫೋನಲ್ಲಿ ಯಾಕ್ರೀ ನಿಜ ಹೇಳ್ತಾನೆ?”

ಅಂಗಡಿಯವಳು ನಿಧಾನವಾಗಿ ಕಾಗದದ ಕಟ್ಟಿನ ಮೇಲೆ ಕೂತಳು. ಅವಳ ಮುಖದಲ್ಲಿದ್ದ ಜಗಳಗಂಟಿ ಕಳೆ ಪೂರ್ತಿ ಹೋಗಿತ್ತು.

“ಸಾರ್, ದೂರು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗಿದೆಯಮ್ಮ. ಅಳತೆ ಸರಿ ಇಲ್ಲ ಅಂತ ವಾಪಸ್ ಕೊಡೋಕೆ ಅದು ಚಪ್ಪಲಿ ಅಲ್ಲ. ಎರಡನೇ ಕಂಪ್ಯೂಟರ್ ಯಾರದು?”

“ಅಣ್ಣಂದು,” ಎಂದಳು. “ಅಂಗಡಿ ಇಬ್ಬರೂ ಸೇರಿ ಶುರು ಮಾಡಿದ್ದು. ಒಂದೇ ದಿನ ಒಂದೇ ಥರದ್ದು ಎರಡು ತಂದ್ವಿ. ಒಳಗಿನ ಸಾಫ್ಟ್‌ವೇರ್ ಮಾತ್ರ ಒಂದೇ ಪ್ರತಿ ಕೊಂಡಿದ್ವಿ, ಎರಡಕ್ಕೂ ಹಾಕಿದ್ದು ನಾನೇ. ಅವನು ಆಗ್ಲೇ ಬೇಡ ಅಂದಿದ್ದ. ಈ ಪ್ರಪಂಚದಲ್ಲಿ ಆ ಪ್ರಶ್ನೆಗೆ ಎರಡು ಅಂತ ಹೇಳೋನು ಅವನೊಬ್ಬನೇ ಸಾರ್.”

ಸಂಜೆ ನಾಲ್ಕಕ್ಕೆ ಪೊಲೀಸರು ಅಣ್ಣನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಅವನು ಗೋದಾಮೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ತೆಳ್ಳಗಿನ ಮನುಷ್ಯ. ಬಾಗಿಲು ತೆಗೆದು ಸಮವಸ್ತ್ರ ನೋಡಿದವನೇ, “ನಾನೇ ಸಾರ್,” ಎಂದ.

“ಇನ್ನೂ ಏನೂ ಕೇಳೇ ಇಲ್ವಲ್ಲಪ್ಪ,” ಎಂದರು ದೊಡ್ಡಪ್ಪ ನಿರಾಶೆಯಿಂದ. ವಿಚಾರಣೆಗೆಂದು ಅವರು ದಾರಿಯುದ್ದಕ್ಕೂ ಪ್ರಶ್ನೆ ಜೋಡಿಸಿಕೊಂಡು ಬಂದಿದ್ದರು.

ಮೇಜಿನ ಮೇಲೆ ಅವನ ಕಂಪ್ಯೂಟರ್ ಬಾಯಿ ತೆರೆದು ಕೂತಿತ್ತು, ಒಳಗೆ ಬೋರ್ಡ್ ಇರಲಿಲ್ಲ. ತಂಗಿಯ ಹಳೇ ಬೋರ್ಡು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಪಕ್ಕದಲ್ಲೇ ಇತ್ತು. ಅದನ್ನು ಜಪ್ತಿ ಮಾಡಿದರು.

“ನಿಮ್ಮದನ್ನೇ ಬಿಚ್ಚಿ ಅವರಿಗೆ ಹಾಕಿದ್ರಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಈ ಮಾದರಿ ಈಗ ಎಲ್ಲೂ ಸಿಗಲ್ಲ ಸಾರ್.”

“ಅವರ ಕಂಪ್ಯೂಟರ್ ಕೆಟ್ಟಿದ್ದು ನಿಮಗೆ ಹೇಗೆ ಗೊತ್ತು?”

“ಕೆಲಸಕ್ಕೆ ಹೋಗ್ತಾ ಬರ್ತಾ ರಸ್ತೆ ಆಚೆ ನಿಂತು ನೋಡ್ತೀನಿ. ಗಾಜಿನಲ್ಲಿ ಕಾಣುತ್ತೆ. ಆರಿಹೋದಾಗೆಲ್ಲ ಅವಳು ತಲೆ ಮೇಲೆ ಕೈ ಇಟ್ಕೋತಾಳೆ.”

“ಪ್ರಶ್ನೆಪತ್ರಿಕೆ ನೋಡಿದ್ರಾ?”

“ಇಲ್ಲ. ಅದರ ಹೆಸರು ಕಣ್ಣಿಗೆ ಬಿತ್ತು. ತೆಗೆದು ನೋಡ್ಲಿಲ್ಲ.”

ಇನ್ಸ್‌ಪೆಕ್ಟರ್ ಖಾಲಿ ಪೆಟ್ಟಿಗೆಯನ್ನು ಬೆರಳಿನಿಂದ ಬಡಿದರು. “ನಿನ್ನೆ ನೀವು ಫೋನ್ ಮಾಡಿದಾಗ ಇದು ಬರೀ ಡಬ್ಬ. ಬಳಸ್ತಿರೋದು ಒಂದೇ ಕಂಪ್ಯೂಟರ್ ಆಯ್ತಲ್ಲ. ಒಂದು ಅಂದಿದ್ರೆ ಸುಳ್ಳೂ ಆಗ್ತಿರ್ಲಿಲ್ಲ, ಸಿಕ್ಕಿನೂ ಬೀಳ್ತಿರ್ಲಿಲ್ಲ.”

ಅವನು ಬಹಳ ಹೊತ್ತು ಯೋಚಿಸಿದ. “ಹೌದಲ್ವಾ ಸಾರ್,” ಎಂದ. “ಹೊಳೀಲೇ ಇಲ್ಲ.”

ನಾಲ್ಕೂ ನಲವತ್ತಕ್ಕೆ ದಸ್ತಗಿರಿ ಎಂದು ದೊಡ್ಡಪ್ಪ ಬರೆದುಕೊಂಡರು. ಇಂಥ ಆರೋಪಿಯನ್ನು ಕೈಹಿಡಿದು ಕರೆದೊಯ್ಯಲು ಅವರಿಗೆ ಮುಜುಗರವಾಗಿ, ಹೆಗಲ ಮೇಲೆ ಕೈಯಿಟ್ಟುಕೊಂಡೇ ಜೀಪು ಹತ್ತಿಸಿದರು.

ಠಾಣೆಯ ಬೆಂಚಿನ ಮೇಲೆ ತಂಗಿ ಆಗಲೇ ಬಂದು ಕೂತಿದ್ದಳು. ಅಣ್ಣ ಒಳಗೆ ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿದಳು. ಇನ್ಸ್‌ಪೆಕ್ಟರ್ ಹೇಳಿಕೆ ತೆಗೆದುಕೊಳ್ಳಲು ಶುರುಮಾಡಿದರು.

“ಅವರನ್ನ ಕೇಳಿ ಹೋಗ್ಬಹುದಿತ್ತಲ್ಲ?”

“ಬೇಡ ಅಂತಿದ್ಲು.”

“ಹಾಗಂತ ಬೀಗ ತೆಗೆದು ನುಗ್ಗೋದಾ?”

“ತಪ್ಪೇ ಸಾರ್. ಬರ್ಕೊಳ್ಳಿ.”

“ಇಬ್ಬರೂ ಮಾತು ಯಾಕೆ ಬಿಟ್ಟಿದ್ದು? ಈಗ ಅದು ಮನೆ ವಿಷಯ ಅಲ್ಲ, ಕೇಸಿನ ವಿಷಯ.”

ಗೋಡೆ ನೋಡುತ್ತಲೇ ತಂಗಿ ಮಾತಾಡಿದಳು. “ಅಮ್ಮ ಆಸ್ಪತ್ರೇಲಿದ್ಲು ಸಾರ್. ವಾಸಿ ಆಗುತ್ತಮ್ಮ ಅಂತ ನಾನು ದಿನಾ ಹೇಳ್ತಿದ್ದೆ. ಮನೆಗೆ ಬಂದ್ಮೇಲೆ ಕಿಟಕಿಗೆ ಹೊಸ ಪರದೆ ಹಾಕೋಣ, ಬಣ್ಣ ನೀನೇ ಹೇಳು ಅಂತಿದ್ದೆ. ಒಂದು ದಿನ ನಾನು ಔಷಧಿ ತರೋಕೆ ಹೋದಾಗ ಇವನನ್ನ ಕೇಳಿದ್ಲಂತೆ, ನಾನು ಉಳೀತೀನೇನೋ ಅಂತ. ಇವನು ಇಲ್ಲಮ್ಮ ಅಂದ. ಆ ವಾರಾನೇ ಹೋಗ್ಬಿಟ್ಲು. ಒಂದು ಸುಳ್ಳು ಸಾರ್. ಹೆತ್ತ ತಾಯಿಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕೆ ಇವನಿಗೆ ಬಾಯಿ ಬರ್ಲಿಲ್ಲ.”

ಅಣ್ಣ ತಲೆ ತಗ್ಗಿಸಿದ. ಇನ್ಸ್‌ಪೆಕ್ಟರ್ ದನಿ ಇಳಿಸಿ ಕೇಳಿದರು. “ಇಲ್ಲ ಅಂದಾಗ ನಿಮ್ಮ ತಾಯಿ ಏನಂದ್ರು?”

“ಅದನ್ನ ಅವಳು ಕೇಳಿದ್ರೆ ಮಾತ್ರ ಹೇಳ್ಬೇಕು ಸಾರ್. ಅಮ್ಮ ಹಾಗಂತ ಹೇಳಿದ್ಲು.”

ಮಹಿಳಾ ಪೇದೆಯ ಬೆರಳುಗಳು ಕೀಲಿಗಳ ಮೇಲೆ ನಿಂತವು. ದೊಡ್ಡಪ್ಪ ಫ್ಯಾನಿನತ್ತ ನೋಡತೊಡಗಿದರು. ತಂಗಿ ಗೋಡೆಯಿಂದ ಮುಖ ತಿರುಗಿಸಲು ಬಹಳ ಹೊತ್ತು ಹಿಡಿಯಿತು.

“ಏನಂದ್ಲು?”

“‘ನಂಗೆ ಗೊತ್ತಿತ್ತು ಕಣೋ’ ಅಂದ್ಲು. ‘ಅವಳು ಹೇಳೋದನ್ನೆಲ್ಲ ನಂಬಿದ ಹಾಗೆ ಮುಖ ಮಾಡಿ ಮಾಡಿ ಸುಸ್ತಾಗಿದೆ. ನಂಬಿಲ್ಲ ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ. ನಿನ್ನ ಹತ್ರ ಆದ್ರೂ ಸುಮ್ನೆ ಮಲಗ್ತೀನಿ’ ಅಂದ್ಲು. ‘ಸಂಜೆ ಅವಳು ಬಂದ್ರೆ ಪರದೆ ಹಳದಿ ಇರ್ಲಿ ಅಂತೀನಿ, ಖುಷಿ ಪಡ್ಲಿ’ ಅಂದ್ಲು.”

“ಹಳದಿ ಅಂದಿದ್ಲು,” ಎಂದಳು ತಂಗಿ. “ಹೌದು, ಹಳದಿ ಅಂದಿದ್ಲು. ಮೂರು ವರ್ಷ ಯಾಕೋ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ.”

ತಂಗಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಣ್ಣನಿಗೆ ಏನು ಮಾಡಬೇಕೆಂದು ತೋಚದೆ ಠಾಣೆಯ ನೀರಿನ ಲೋಟವನ್ನೇ ಎತ್ತಿ ಅವಳ ಮುಂದೆ ಹಿಡಿದ. ಆರೋಪಿಯೇ ದೂರುದಾರಳಿಗೆ ನೀರು ಕೊಡುವುದನ್ನು ಯಾರೂ ತಡೆಯಲಿಲ್ಲ.

ಇನ್ಸ್‌ಪೆಕ್ಟರ್ ವರದಿಯ ಕೊನೆಯ ಸಾಲು ಹೇಳಿ ಬರೆಸಿದರು. ಕೃತ್ಯದ ಉದ್ದೇಶ: ತಂಗಿ ತಲೆಯ ಮೇಲೆ ಕೈ ಇಟ್ಟುಕೊಳ್ಳುವುದನ್ನು ರಸ್ತೆಯ ಆಚೆಯಿಂದ ನೋಡಲಾಗದೆ. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಕೇಸು, ಒಬ್ಬರು ಹೊಣೆ ನಿಲ್ಲಬೇಕಿತ್ತು. ಯಾರೂ ಹೇಳದೆಯೇ ದೊಡ್ಡಪ್ಪ ಜಾಮೀನಿನ ಕಾಗದ ತಂದು ತಂಗಿಯ ಮುಂದಿಟ್ಟರು. ಅವಳು ಓದದೆ ಸಹಿ ಹಾಕಿದಳು.

ಬಿಡುಗಡೆಯಾದರೂ ಇಬ್ಬರೂ ತಕ್ಷಣ ಹೊರಡಲಿಲ್ಲ. ಬೆಂಚಿನ ಮೇಲೆ ಪಕ್ಕ ಪಕ್ಕ ಕೂತರು. ಮೂರು ವರ್ಷ ಕಟ್ಟಿಟ್ಟ ಪ್ರಶ್ನೆಗಳನ್ನು ತಂಗಿ ಒಂದೊಂದಾಗಿ ಕೇಳತೊಡಗಿದಳು.

“ಆಮೇಲೆ ಮಲಗಿದ್ಲಾ?”

“ಮಲಗಿದ್ಲು. ನೀನು ಬರೋವರೆಗೂ.”

“ನೋವಿತ್ತಾ?”

“ಇತ್ತು. ಅವತ್ತು ಸ್ವಲ್ಪ ಕಮ್ಮಿ ಇತ್ತು.”

ಅವಳು ಮತ್ತೆ ಕೇಳಿದಳು. “ನಾನು ಅಷ್ಟೊಂದು ಸುಳ್ಳು ಹೇಳಿದ್ನಲ್ಲ. ನನ್ನ ಮೇಲೆ ಬೇಜಾರಿತ್ತಾ ಅಣ್ಣ ಅವಳಿಗೆ?”

“ಇಲ್ಲ,” ಎಂದ ಅವನು.

ಬೇರೆ ಯಾರು ಹೇಳಿದ್ದರೂ ಆ ಮಾತನ್ನು ಅವಳು ನಂಬುತ್ತಿರಲಿಲ್ಲ.