ಕೆಂಪಿಯ ಎದೆಬಡಿತ ಏರಿದ್ದೇಕೆ?

“ನಮ್ ಕೆಂಪಿ ಎದೆಗೆ ಬೆಲ್ಟ್ ಕಟ್ಟೋಕೆ ನೀವ್ಯಾರ್ರೀ?”

ಕಳಲೆ ಊರಿನ ತನ್ನ ಕೊಟ್ಟಿಗೆಯಲ್ಲಿ ಅಮೃತೇಶ್ ಹಸುವಿಗೆ ಅಡ್ಡ ನಿಂತರೂ ಕವನ ಹಿಂದೆ ಸರಿಯಲಿಲ್ಲ.

“ಪಶುವೈದ್ಯ ಕಾಲೇಜಿಂದ ಬಂದಿದೀನಿ. ಹಾಲಿನ ಡೈರೀಲಿ ಒಪ್ಪಿಗೆ ಕೊಟ್ಟಿದ್ದು ನೀವೇ ತಾನೇ?”

“ಯಾರೋ ಮೇಷ್ಟ್ರು ಬರ್ತಾರೆ ಅಂದ್ಕೊಂಡಿದ್ದೆ...”

“ಮೇಷ್ಟ್ರಿಗಿಂತ ಚೆನ್ನಾಗೇ ಕಟ್ತೀನಿ. ಜರುಗಿ!”

ಅವನು ಜರುಗಿದ. ಅವತ್ತೇ ಅವಳಿಗೆ ಸೋತುಹೋಗಿದ್ದ ಪುಣ್ಯಾತ್ಮ, ಒಪ್ಪಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ.

ಕೆಂಪಿಯ ಮೂತಿಗೆ ಮುಖವಾಡ ಹಾಕಿ, ಒಂದು ಎದೆಬಡಿತಕ್ಕೆ ಅದು ಎಷ್ಟು ಆಮ್ಲಜನಕ ಬಳಸುತ್ತದೆಂದು ಕವನ ಮೊದಲು ಅಳೆದಳು. ಆಮೇಲೆ ಬಡಿತ ದಾಖಲಿಸುವ ಬೆಲ್ಟ್ ಒಂದೇ ಸಾಕು. ಬಡಿತ ಎಣಿಸಿದರೆ ಹಸುವಿನ ಮೈ ಎಷ್ಟು ಶಾಖ ಹುಟ್ಟಿಸುತ್ತಿದೆ ಎಂದು ಅಂದಾಜು ಸಿಗುತ್ತದೆ.

“ಎಲ್ಲಾ ಹಸೂಗೂ ಒಂದೇ ಲೆಕ್ಕ ಅಲ್ವಾ?” ಎಂದಿದ್ದ ಅಮೃತೇಶ್.

“ಒಬ್ಬೊಬ್ಬರ ಎದೆ ಒಂದೊಂದು ಥರ ಕಣ್ರೀ.”

ಒಂದು ದಿನ ಕೆಂಪಿ ಒದೆಯಲು ಬಂದಾಗ ಅವನು ಅವಳ ಕೈ ಹಿಡಿದೆಳೆದ. ಹಸು ಸುಮ್ಮನಾದರೂ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ!

ಆದರೆ ಲೆಕ್ಕ ಕೆಟ್ಟಿತು. ಕವನ ಹೊರಟ ಸ್ವಲ್ಪ ಹೊತ್ತಿಗೇ ದಿನವೂ ಕೆಂಪಿಯ ಬಡಿತ ಏರುತ್ತಿದ್ದುದು ಬೆಲ್ಟಿನ ದಾಖಲೆಯಲ್ಲಿ ಕಂಡಿತು.

“ನಾನು ಹೋದ್ಮೇಲೆ ಇದನ್ನ ಎಲ್ಲಿಗೆ ಓಡಿಸ್ತೀರಿ? ನಿಜ ಹೇಳಿ!”

“ಆಣೆಗೂ ಇಲ್ಲ ಕಣ್ರೀ. ನಾನು ಆ ಹೊತ್ತಲ್ಲಿ ಹುಲ್ಲು ಕುಯ್ಯೋಕೆ ಹೋಗಿರ್ತೀನಿ.”

ಅವಳು ನಂಬಲಿಲ್ಲ. ‘ಕೈ ಹಿಡಿದವನೇ ಸುಳ್ಳು ಹೇಳ್ತಾನಲ್ಲ...’ ಎಂದು ಕಣ್ಣು ತುಂಬಿತು. ಬಸ್‌ಸ್ಟ್ಯಾಂಡ್‌ವರೆಗೆ ಹೋದವಳು ಕಳ್ಳನನ್ನು ಹಿಡಿದೇ ತೀರುತ್ತೇನೆಂದು ತಿರುಗಿ ಬಂದಳು.

ಕೊಟ್ಟಿಗೆಯಲ್ಲಿ ಅವನ ತಾಯಿ ಗುರುಬಸಮ್ಮ ಕೆಂಪಿಯ ಮೇಲೆ ಕೊಡಗಟ್ಟಲೆ ಅರಿಶಿನದ ನೀರು ಸುರಿಯುತ್ತಿದ್ದರು. ತಣ್ಣೀರಿಗೆ ಬೆಚ್ಚಿ ಹಸು ಕುಣಿಯುತ್ತಿತ್ತು.

“ಯಾಕಮ್ಮಾ ಇದು?”

ಗುರುಬಸಮ್ಮ ತಡವರಿಸಲಿಲ್ಲ. “ಅಸ ಮುಟ್ತೀಯಲ್ಲ ನೀನು. ನಿಮ್ ಕೇರಿ ಯಾವ್ದು ಅಂತ ನಂಗೊತ್ತಿಲ್ವಾ? ತೊಳೀದೆ ಆಲು ಕರೆಯಕ್ಕಾದದಾ?”

ಎದೆಗೆ ಒದ್ದಂತಾಯಿತು. ಆದರೂ ಕವನ ತಲೆ ತಗ್ಗಿಸಲಿಲ್ಲ.

“ನಾನು ಮುಟ್ಟಿದ್ದಕ್ಕೆ ಕೆಂಪಿಗೆ ಅಸಹ್ಯ ಆಗಿಲ್ಲಮ್ಮ. ನಿಮ್ಮ ನೀರಿಗೇ ಅದು ಹೆದರಿರೋದು!”

ಹುಲ್ಲಿನ ಹೊರೆ ಧೊಪ್ಪನೆ ಬಿತ್ತು. ಬಾಗಿಲಲ್ಲಿ ಅಮೃತೇಶ್ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ನೇರ ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

“ನಂಗೂ ಸುರಿ ಅವ್ವಾ. ನಾನು ಇವ್ರ ಕೈ ಹಿಡಿದಿದೀನಿ. ದಿನಾ ಹಿಡೀತೀನಿ. ಎಷ್ಟ್ ಕೊಡ ಸುರೀತೀಯ ಸುರಿ!”

ಗುರುಬಸಮ್ಮ ಕೊಡ ಕೆಳಗಿಟ್ಟು ಒಳಗೆ ಹೋದರು.

“ಕವನಾ... ನಂಗೆ ಗೊತ್ತಿರ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ. ಮದ್ವೆ ಆಗ್ತೀರಾ?”

ಅವಳಿಗೆ ಕುಣಿದಾಡುವಷ್ಟು ಸಂತೋಷ, ಅಳುವಷ್ಟು ಕೋಪ. ಎರಡನ್ನೂ ನುಂಗಿಕೊಂಡಳು.

“ಕೊಟ್ಟಿಗೇಲಿ ಕೈ ಹಿಡಿಯೋರು ನಂಗೆ ಬೇಡ. ಬೀದೀಲಿ ಹಿಡೀತೀರಾ?”

ಅಮೃತೇಶ್ ಎದ್ದ. ಅವಳ ಕೈ ಹಿಡಿದು, ಹಿತ್ತಲ ದಾರಿ ಬಿಟ್ಟು ಊರ ನಡುಬೀದಿಗೇ ಇಳಿದ. ಜಗಲಿಗಳ ಮೇಲಿದ್ದವರೆಲ್ಲ ಎದ್ದು ನಿಂತು ನೋಡಿದರು. ನೋಡಲಿ!

“ಬಸ್‌ಸ್ಟ್ಯಾಂಡ್‌ವರೆಗೂ ಹಿಂಗೇ ಬರ್ಲಾ?”

“ನಮ್ಮೂರು ನರಸೀಪುರದವರೆಗೂ ಬನ್ನಿ. ನಮ್ಮಪ್ಪ ಮನೇಲೇ ಇದಾರೆ.”